ಸಣ್ಣ ವಿದ್ವತ್ ಬಳಗದಲ್ಲಿ ಸಂಶೋಧನಾರ್ಥಿ: ಸೇರುವ ದಾರಿ, ಎಡವುವ ಜಾಗಗಳು

ಪಿಎಚ್‌ಡಿಗೆ ಹೆಸರು ನೋಂದಾಯಿಸುವುದು ಒಂದೆರಡು ದಿನದ ಕೆಲಸ. ಯಾವ ಅರ್ಜಿ, ಯಾರ ಸಹಿ, ಎಷ್ಟು ಪ್ರತಿ ಎಂಬುದೆಲ್ಲ ನಿಯಮಾವಳಿಯಲ್ಲಿ ಇರುತ್ತದೆ. ಆ ವಿಷಯದಲ್ಲಿ ಕೆಲಸ ಮಾಡುವವರ ಬಳಗಕ್ಕೆ ಸೇರುವುದು ಬೇರೆಯೇ ಸಂಗತಿ. ಅದಕ್ಕೆ ಅರ್ಜಿ ಇಲ್ಲ, ಸೇರಿದ ದಿನಾಂಕವೂ ಇಲ್ಲ. ಎರಡನೇ ವರ್ಷದ ಕೊನೆಗೋ ಮೂರನೇ ವರ್ಷದ ನಡುವಿಗೋ ಒಂದು ದಿನ, ನೀವು ಎಂದೂ ಕಾಣದ ಯಾರೋ ‘ನಿಮ್ಮ ಡೇಟಾ ಸ್ವಲ್ಪ ನೋಡಬಹುದೇ’ ಎಂದು ಇಮೇಲ್ ಬರೆಯುತ್ತಾರೆ. ಅಥವಾ ಸೀನಿಯರ್ ಒಬ್ಬರು ತಮ್ಮ ಅರೆಬೆಂದ ಡ್ರಾಫ್ಟನ್ನು ಸಂಕೋಚವಿಲ್ಲದೆ ನಿಮ್ಮ ಮುಂದಿಡುತ್ತಾರೆ. ಸೇರಿದ್ದಕ್ಕೆ ಸಿಗುವ ಪುರಾವೆ ಅಷ್ಟೇ. ಅಲ್ಲಿಯವರೆಗೆ ಏನೇನು ಮಾಡಬೇಕಾಗುತ್ತದೆ, ಎಲ್ಲಿ ಎಡವುತ್ತೇವೆ, ಏಕೆ ಎಡವುತ್ತೇವೆ ಎಂಬುದನ್ನು ಆ ದಾರಿ ನಡೆದವರಾಗಿ ಇಲ್ಲಿ ಬರೆದಿದ್ದೇವೆ.

ಮೊದಲು ಬಳಗದ ಗಾತ್ರ ಗೊತ್ತಿರಬೇಕು. ರಸಾಯನಶಾಸ್ತ್ರ, ಇತಿಹಾಸ, ಭಾಷಾವಿಜ್ಞಾನ ಇವೆಲ್ಲ ವಿಭಾಗದ ಬಾಗಿಲ ಮೇಲಿನ ಹೆಸರುಗಳು. ನೀವು ಬರೆದದ್ದನ್ನು ಸಾಲು ಬಿಡದೆ ಓದಿ ತಪ್ಪು ಹಿಡಿಯಬಲ್ಲವರು ಇಡೀ ಜಗತ್ತಿನಲ್ಲಿ ಹುಡುಕಿದರೂ ಬಹಳ ಕಡಿಮೆ. ಎಷ್ಟೋ ಉಪವಿಷಯಗಳಲ್ಲಿ ಅವರೆಲ್ಲ ಒಂದೇ ಹಾಲ್‌ನಲ್ಲಿ ಕೂರಬಹುದು. ಇಂಥ ಗುಂಪುಗಳಿಗೆ ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೋಲಾ ಪ್ರೈಸ್ 1963ರಲ್ಲಿ ‘ಅದೃಶ್ಯ ಕಾಲೇಜು’ ಎಂಬ ಹೆಸರು ಬಳಸಿದರು. ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ತಮ್ಮ ಪತ್ರಗಳಲ್ಲಿ ಬಳಸಿದ್ದ ಮಾತು ಅದು. ಈ ಗುಂಪಿನವರು ಅಚ್ಚಾಗುವ ಮೊದಲೇ ಒಬ್ಬರ ಬರಹವನ್ನು ಇನ್ನೊಬ್ಬರು ಓದಿರುತ್ತಾರೆ. 1991ರ ಆಗಸ್ಟ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರುಮಾಡಿದ ಆರ್ಕೈವ್ (arXiv, ಅಚ್ಚಾಗುವ ಮೊದಲೇ ಪೇಪರ್ ಹಂಚಿಕೊಳ್ಳುವ ಸಂಗ್ರಹ) ಕೂಡ ಮೊದಲಿಗೆ ಹೈ ಎನರ್ಜಿ ಭೌತಶಾಸ್ತ್ರದ ಸಿದ್ಧಾಂತಿಗಳ ಸಣ್ಣ ಗುಂಪಿಗೆಂದೇ ಇದ್ದ ವ್ಯವಸ್ಥೆ. ಜರ್ನಲ್‌ನಲ್ಲಿ ಬಂದದ್ದನ್ನಷ್ಟೇ ಓದುತ್ತ ಕೂತವರಿಗೆ ಸಿಗುವುದು ಹಳೆಯ ಸುದ್ದಿ. ಬಳಗದೊಳಗೆ ಆ ಮಾತು ಮುಗಿದು ಮುಂದಿನ ಮಾತು ಶುರುವಾಗಿರುತ್ತದೆ.

ಬಳಗದ ನಕ್ಷೆ ಬರೆಯಲು ಒಂದು ಸುಲಭದ ದಾರಿ ಇದೆ, ಅದನ್ನು ಮೊದಲ ತಿಂಗಳೇ ಮಾಡಿ ಮುಗಿಸಬೇಕು. ನಿಮ್ಮ ವಿಷಯಕ್ಕೆ ತೀರ ಹತ್ತಿರವಾದ, ಕಳೆದ ಮೂರು ವರ್ಷಗಳ ಹದಿನೈದು ಪೇಪರ್ ತೆಗೆದುಕೊಳ್ಳಿ. ಪೇಪರ್ ಓದುವ ಮೊದಲು ಕೊನೆಯಲ್ಲಿರುವ ಕೃತಜ್ಞತೆಯ ಪ್ಯಾರಾ ಓದಿ. ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಕಾಲಂ: ಬರೆದವರು, ಡ್ರಾಫ್ಟ್ ಓದಿದ್ದಕ್ಕೆ ಯಾರನ್ನು ನೆನೆದಿದ್ದಾರೆ, ಡೇಟಾ ಅಥವಾ ಉಪಕರಣ ಕೊಟ್ಟದ್ದಕ್ಕೆ ಯಾರನ್ನು, ಹಣ ಎಲ್ಲಿಂದ. ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಎರಡನೇ ಕಾಲಂನಲ್ಲಿ ನಾಲ್ಕು ಸಲ ಬಂದ ಹೆಸರು ಯಾವುದೋ ಅವರು ಆ ಬಳಗದ ನಂಬಿಕೆಯ ಓದುಗರು. ಹೆಚ್ಚು ಪೇಪರ್ ಬರೆದವರೇ ಆಗಿರಬೇಕೆಂದಿಲ್ಲ, ಬಹಳ ಸಲ ಆಗಿರುವುದೂ ಇಲ್ಲ. ಇನ್ನೊಂದನ್ನೂ ಗಮನಿಸಿ: ಒಂದೇ ಪ್ರಶ್ನೆಯ ಮೇಲೆ ಕೆಲಸ ಮಾಡುವ ಎರಡು ಗುಂಪು ಎಲ್ಲಿಯೂ ಪರಸ್ಪರ ನೆನೆಯದಿದ್ದರೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ, ಇಲ್ಲವೇ ನಡುವೆ ಹಳೆಯ ಜಗಳವಿದೆ. ಯಾವುದು ಎಂದು ನಿಮ್ಮ ಸೀನಿಯರ್ ಅವರನ್ನು ಕೇಳಿ ತಿಳಿದುಕೊಳ್ಳಿ. ಆ ಗುಂಪಿನವರನ್ನೇ ಕೇಳಲು ಹೋಗಬೇಡಿ.

ಬಳಗದ ಒಳಬಾಗಿಲು ನಿಮ್ಮದೇ ಗ್ರೂಪ್ ಮೀಟಿಂಗ್. ವಾರಕ್ಕೊಮ್ಮೆ, ಒಂದರಿಂದ ಒಂದೂವರೆ ಗಂಟೆ, ಆರರಿಂದ ಹನ್ನೆರಡು ಮಂದಿ. ಮೊದಲ ಮೂರು ತಿಂಗಳು ಅಲ್ಲಿ ನಡೆಯುವ ಮಾತಿನ ಅರ್ಧಭಾಗ ತಲೆಗೆ ಹೋಗುವುದಿಲ್ಲ. ಅದು ಎಲ್ಲರಿಗೂ ಹಾಗೆಯೇ. ಆ ಅವಧಿಯಲ್ಲಿ ಮೀಟಿಂಗಿನ ಟಿಪ್ಪಣಿ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ. ಪ್ರತಿಯೊಬ್ಬರ ಹೆಸರಿನ ಕೆಳಗೆ ನಾಲ್ಕು ಸಾಲು ಸಾಕು: ಹೋದ ವಾರ ಏನು ಮಾಡುತ್ತೇನೆ ಎಂದಿದ್ದರು, ಏನಾಯಿತು, ಎಲ್ಲಿ ನಿಂತಿದೆ, ಯಾರು ಏನು ಸಹಾಯ ಮಾಡುತ್ತೇನೆಂದು ಒಪ್ಪಿದರು. ಒಟ್ಟು ಒಂದು ಪುಟ ಮೀರಬಾರದು, ಅದೇ ಸಂಜೆ ಎಲ್ಲರಿಗೂ ಹೋಗಬೇಕು. ಮರುದಿನ ಕಳುಹಿಸಿದರೆ ಯಾರೂ ತೆರೆಯುವುದಿಲ್ಲ. ಅರ್ಥವಾಗದ ಪದ ಬಂದಾಗ ಸಂಜೆ ಆ ವ್ಯಕ್ತಿಯ ಬಳಿ ಹೋಗಿ ‘ಇದನ್ನು ಸರಿಯಾಗಿ ಬರೆದಿದ್ದೇನೆಯೇ’ ಎಂದು ಕೇಳಲು ನಿಮಗೊಂದು ಸಹಜವಾದ ಕಾರಣ ಸಿಗುತ್ತದೆ. ಹನ್ನೆರಡು ವಾರದಲ್ಲಿ ಗ್ರೂಪಿನ ಪ್ರತಿಯೊಬ್ಬರ ಜೊತೆ ಅವರ ಕೆಲಸದ ಬಗ್ಗೆ ಕನಿಷ್ಠ ಎರಡು ಸಲ ಮಾತಾಡಿರುತ್ತೀರಿ.

ಇದರಲ್ಲಿ ಕೆಡುವುದು ಎರಡು. ಒಂದು, ಮೀಟಿಂಗಿನಲ್ಲಿ ಯಾರು ಯಾರನ್ನು ಗದರಿದರು ಎಂಬುದೆಲ್ಲ ಟಿಪ್ಪಣಿಗೆ ಸೇರುವುದು. ಅದು ದಾಖಲೆಯಾಗಿ ಉಳಿಯುತ್ತದೆ, ಬರೆದವರ ಮೇಲಿನ ನಂಬಿಕೆ ಹೋಗುತ್ತದೆ. ಎರಡನೆಯದು, ಮೂರು ತಿಂಗಳಿಗೆಂದು ವಹಿಸಿಕೊಂಡ ಕೆಲಸ ಮೂರು ವರ್ಷವೂ ನಿಮ್ಮ ತಲೆಗೇ ಅಂಟುವುದು. ಟಿಪ್ಪಣಿ ಬರೆಯುವುದು, ಕೊಠಡಿ ಬುಕ್ ಮಾಡುವುದು, ಬರುವ ಅತಿಥಿಗಳನ್ನು ಕರೆತರುವುದು ಇಂಥವು ಸದಾ ಇಲ್ಲವೆನ್ನಲಾರದವರ ಪಾಲಿಗೆ, ಹಲವು ಕಡೆ ಹೆಣ್ಣುಮಕ್ಕಳ ಪಾಲಿಗೆ, ಬಂದು ನಿಲ್ಲುತ್ತವೆ. ಆದ್ದರಿಂದ ವಹಿಸಿಕೊಳ್ಳುವ ದಿನವೇ ‘ಹನ್ನೆರಡು ಮೀಟಿಂಗ್ ನಾನು ಬರೆಯುತ್ತೇನೆ, ಆಮೇಲೆ ಸರದಿ ಹಾಕೋಣ’ ಎಂದು ಸ್ಪಷ್ಟವಾಗಿ ಹೇಳಬೇಕು. ಆಮೇಲೆ ಹೇಳಿದರೆ ಗೊಣಗಾಟದಂತೆ ಕೇಳಿಸುತ್ತದೆ.

ನಿಮ್ಮ ಸರದಿ ಬಂದಾಗ ನಾಲ್ಕು ಸ್ಲೈಡ್ ಸಾಕು: ಕೇಳಿದ ಪ್ರಶ್ನೆ, ಮಾಡಿದ ಕೆಲಸ, ಬಂದ ಫಲಿತಾಂಶ, ನಿಂತ ಜಾಗ. ಕೊನೆಯದನ್ನು ಮುಚ್ಚಿಟ್ಟು ಮೊದಲ ಮೂರನ್ನು ಹೊಳಪು ಮಾಡಿಕೊಂಡು ಬರುವುದು ಹೊಸಬರ ಸಾಮಾನ್ಯ ತಪ್ಪು. ಪ್ರಯೋಗ ಕೈಕೊಟ್ಟ ವಾರವೇ ತೋರಿಸಿದರೆ ಅದು ಎಲ್ಲರೂ ಕೂತು ಬಿಡಿಸಬಹುದಾದ ಗಂಟು. ಆರು ವಾರ ಬಚ್ಚಿಟ್ಟು ತೋರಿಸಿದರೆ ಅದೇ ಗಂಟು ನಿಮ್ಮ ಮೇಲಿನ ದೂರು ಆಗುತ್ತದೆ.

ಇನ್ನು ಡ್ರಾಫ್ಟ್ ಓದುವ ವಿಚಾರ. ಬಳಗದಲ್ಲಿ ಜಾಗ ದೊರಕಿಸಿಕೊಡುವ ಕೆಲಸ ಯಾವುದಾದರೂ ಒಂದಿದ್ದರೆ ಅದು ಇದು, ಇದರ ಬಗ್ಗೆ ನಮಗೆ ಎರಡನೇ ಮಾತಿಲ್ಲ. ಎಲ್ಲರೂ ಬರೆಯುತ್ತಾರೆ, ಎಲ್ಲರಿಗೂ ಓದುಗರು ಬೇಕು, ಗಮನವಿಟ್ಟು ಓದುವವರು ಮಾತ್ರ ಎಂದಿಗೂ ಸಾಲದು. ಮೊದಲ ವರ್ಷದವರು ‘ನನಗೇನು ಗೊತ್ತು’ ಎಂದು ಹಿಂಜರಿಯುತ್ತಾರೆ. ಹೊಸಬರ ಓದಿನ ಬೆಲೆ ಇರುವುದೇ ಅಲ್ಲಿ: ಬರೆದವರಿಗೆ ಕಾಣದ ಬಿರುಕು ಅವರ ಕಣ್ಣಿಗೆ ಬೀಳುತ್ತದೆ.

ಓದುವ ಕ್ರಮ ಹೀಗೆ. ಡ್ರಾಫ್ಟ್ ಕೈಗೆ ಬಂದೊಡನೆ ಎರಡು ಪ್ರಶ್ನೆ ಕೇಳಬೇಕು: ಯಾವ ಬಗೆಯ ಓದು ಬೇಕು, ವಾದದ ಜೋಡಣೆಯೋ ಲೆಕ್ಕವೋ ಭಾಷೆಯೋ? ಯಾವ ದಿನಕ್ಕೆ ಬೇಕು? ಆ ದಿನಕ್ಕೆ ಆಗದಿದ್ದರೆ ಅಂದೇ ಹೇಳಿಬಿಡಬೇಕು. ಎಂಟು ಸಾವಿರ ಪದದ ಡ್ರಾಫ್ಟ್‌ಗೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಓದಿ ಮುಗಿಸಿ, ಡ್ರಾಫ್ಟ್ ಮುಚ್ಚಿಟ್ಟು, ಅದು ಏನು ಹೇಳುತ್ತದೆ ಎಂದು ನಿಮ್ಮ ಮಾತಿನಲ್ಲಿ ಮೂರು ವಾಕ್ಯ ಬರೆಯಿರಿ. ಆ ಮೂರು ವಾಕ್ಯ ನಿಮ್ಮ ಟಿಪ್ಪಣಿಯ ಮೊದಲಿಗೆ ಇರಲಿ. ಬರೆದವರು ಅಂದುಕೊಂಡದ್ದಕ್ಕೂ ನೀವು ಬರೆದದ್ದಕ್ಕೂ ತಾಳೆಯಾಗದಿದ್ದರೆ, ಅವರಿಗೆ ಸಿಗಬಹುದಾದ ಅತ್ಯಂತ ಉಪಯುಕ್ತ ಸಲಹೆ ಅದೇ. ಎರಡನೇ ಓದಿನಲ್ಲಿ ದೊಡ್ಡ ಮಾತುಗಳು ಐದಕ್ಕಿಂತ ಹೆಚ್ಚು ಬೇಡ, ಪ್ರತಿಯೊಂದಕ್ಕೂ ಪುಟ ಮತ್ತು ಸಾಲಿನ ಸಂಖ್ಯೆ ಇರಲಿ. ಅಚ್ಚಿನ ತಪ್ಪು, ಬಿಟ್ಟುಹೋದ ಉಲ್ಲೇಖ ಇಂಥವನ್ನು ಬೇರೆ ಫೈಲ್‌ನಲ್ಲಿ ಹಾಕಿ. ಎರಡನ್ನೂ ಕಲಸಿದರೆ ಬರೆದವರು ಅಲ್ಪವಿರಾಮ ತಿದ್ದುತ್ತ ಕೂತು ಮುಖ್ಯವಾದದ್ದನ್ನು ಮರೆಯುತ್ತಾರೆ.

ಕೆಡುವ ಬಗೆಗಳೂ ಗೊತ್ತಿರಲಿ. ಇನ್ನೊಬ್ಬರ ವಾಕ್ಯವನ್ನು ನಿಮ್ಮ ಧಾಟಿಗೆ ತಿರುಗಿಸಿ ಬರೆಯುವುದು ಸಹಾಯವಲ್ಲ. ಬರೀ ಹೊಗಳಿ ಕಳುಹಿಸಿದರೆ ಮುಂದಿನ ಸಲ ಡ್ರಾಫ್ಟ್ ಬರುವುದಿಲ್ಲ. ಒಬ್ಬರ ಡ್ರಾಫ್ಟನ್ನು ಅವರನ್ನು ಕೇಳದೆ ಮೂರನೆಯವರಿಗೆ ಕಳುಹಿಸಿದರೆ ಮಾತ್ರ ಅದನ್ನು ಸಣ್ಣ ಬಳಗ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದು: ಡ್ರಾಫ್ಟಿನ ವಿಷಯ ನೀವೂ ಮಾಡುತ್ತಿರುವ ಕೆಲಸವೇ ಆಗಿರುವುದು. ಸಾರಾಂಶ ಓದಿದೊಡನೆ ಇದು ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಿಸಿ, ‘ಸಾರಾಂಶ ಮಾತ್ರ ಓದಿದ್ದೇನೆ, ನಾನೂ ಇದರ ಮೇಲೆಯೇ ಕೆಲಸ ಮಾಡುತ್ತಿದ್ದೇನೆ, ಮುಂದೆ ಓದಲೋ ಬೇಡವೋ ನೀವೇ ಹೇಳಿ’ ಎಂದು ಬರೆಯಬೇಕು. ನಿಮ್ಮ ನೋಟ್‌ಬುಕ್‌ನಲ್ಲಿ ಪ್ರತಿ ಯೋಚನೆಗೂ ದಿನಾಂಕ ಹಾಕುವ ಅಭ್ಯಾಸ ಇದ್ದರೆ ಇಂಥ ಹೊತ್ತಿನಲ್ಲಿ ಕಾಪಾಡುತ್ತದೆ.

ನಿಮ್ಮ ಡ್ರಾಫ್ಟ್ ಕೊಡುವಾಗ ಒಮ್ಮೆಗೇ ಐದು ಮಂದಿಗೆ ಕೊಡಬೇಡಿ. ಒಬ್ಬ ಓದುಗರ ಹೊಸ ಕಣ್ಣು ಒಂದೇ ಸಲ ಸಿಗುವಂಥದ್ದು. ಇಬ್ಬರಿಗೆ ಕೊಟ್ಟು, ತಿದ್ದಿ, ಆಮೇಲೆ ಇನ್ನಿಬ್ಬರಿಗೆ. ಸಾಲಿನ ಸಂಖ್ಯೆ ಹಾಕಿ, ಫೈಲ್ ಹೆಸರಿನಲ್ಲಿ ದಿನಾಂಕ ಇಡಿ, ನಿಮಗೇ ಅನುಮಾನವಿರುವ ಎರಡು ಜಾಗಗಳನ್ನು ಹೇಳಿ ಕೊಡಿ. ಬಂದ ಸಲಹೆಗಳಲ್ಲಿ ಯಾವುದನ್ನು ತೆಗೆದುಕೊಂಡಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂದು ನಾಲ್ಕು ಸಾಲಿನ ಉತ್ತರ ಬರೆಯುವುದನ್ನು ಮಾತ್ರ ಮರೆಯಬೇಡಿ. ಓದಿದವರಿಗೆ ಧನ್ಯವಾದಕ್ಕಿಂತ ಅದು ದೊಡ್ಡದು.

ಸೆಮಿನಾರ್‌ನಲ್ಲಿ ಪ್ರಶ್ನೆ ಕೇಳುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಭಾಷಣ ನಡೆಯುತ್ತಿರುವಾಗಲೇ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ, ಬರೆದುದನ್ನೇ ಓದಿ. ಎರಡು ವಾಕ್ಯವಾದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ವಿಧಾನದ ಬಗ್ಗೆ ಕೇಳುವ ಪ್ರಶ್ನೆ ಎಂದಿಗೂ ದಡ್ಡತನ ಎನಿಸುವುದಿಲ್ಲ: ಮಾದರಿಗಳನ್ನು ಹೇಗೆ ಆರಿಸಿದಿರಿ, ಹಸ್ತಪ್ರತಿಯ ಕಾಲ ಹೇಗೆ ನಿರ್ಧರಿಸಿದಿರಿ, ಈ ಊಹೆ ಬಿಟ್ಟರೆ ಪ್ರಮೇಯ ನಿಲ್ಲುತ್ತದೆಯೇ.

ಹೊರಗಿನ ಬಳಗದ ಮುಖಾಮುಖಿಯಾಗುವುದು ಕಾನ್ಫರೆನ್ಸ್‌ಗಳಲ್ಲಿ. ಸಾವಿರಾರು ಮಂದಿ ಸೇರುವ ದೊಡ್ಡ ಸಮ್ಮೇಳನಕ್ಕಿಂತ ಐವತ್ತು ಮಂದಿಯ ಕಾರ್ಯಾಗಾರಕ್ಕೆ ಹೋಗುವುದು ಮೇಲು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸಣ್ಣ ಕೂಟಗಳು ಬೆರೆಯುವುದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಜರ್ಮನಿಯ ಓಬರ್‌ವೋಲ್‌ಫಾಕ್ ಗಣಿತ ಸಂಸ್ಥೆಯಲ್ಲಿ ಊಟದ ಮೇಜಿನ ಮೇಲೆ ಹೆಸರು ಬರೆದ ನ್ಯಾಪ್‌ಕಿನ್ ಚೀಲಗಳನ್ನು ಮನಬಂದಂತೆ ಇಟ್ಟಿರುತ್ತಾರೆ, ನಿಮ್ಮ ಹೆಸರು ಇರುವಲ್ಲಿ ನೀವು ಕೂರಬೇಕು. ಹೊಸಬರ ಪಕ್ಕದಲ್ಲಿ ಆ ಕ್ಷೇತ್ರದ ಹಿರಿಯರು ಕೂರುವಂತಾಗುತ್ತದೆ. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳಲ್ಲಿ ಭಾಷಣಗಳು ಬೆಳಿಗ್ಗೆ ಮತ್ತು ಸಂಜೆ, ಮಧ್ಯಾಹ್ನ ಬಿಡುವು. ಅಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಜನ ಪ್ರಕಟವಾಗದ ಕೆಲಸವನ್ನೂ ಬಿಚ್ಚಿಡುತ್ತಾರೆ. ಇಂಥ ಕಡೆ ಹೋದಾಗ ಫೋನ್ ಬ್ಯಾಗಿನಲ್ಲೇ ಇರಲಿ. ಸ್ಲೈಡ್ ಫೋಟೊ ತೆಗೆದು ಗೆಳೆಯರಿಗೆ ಕಳುಹಿಸಿದ್ದು ತಿಳಿದರೆ ನಿಮ್ಮ ಜೊತೆಗೆ ನಿಮ್ಮ ಗೈಡ್ ಹೆಸರೂ ಕೆಡುತ್ತದೆ.

ಪೋಸ್ಟರ್ ಸಾಮಾನ್ಯವಾಗಿ ಎ0 ಅಳತೆ, ಅಂದರೆ 841 × 1189 ಮಿಲಿಮೀಟರ್. ನಿಲ್ಲಿಸಬೇಕೋ ಅಡ್ಡಲಾಗಿಡಬೇಕೋ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ. ತಪ್ಪು ದಿಕ್ಕಿನಲ್ಲಿ ಅಚ್ಚಾದ ಪೋಸ್ಟರ್ ಬೋರ್ಡಿನಿಂದ ಹೊರಚಾಚಿ ನಿಲ್ಲುತ್ತದೆ. ಒಳಗಿನ ಅಕ್ಷರ 24 ಪಾಯಿಂಟ್‌ಗಿಂತ ಕಡಿಮೆ ಬೇಡ. ಎರಡು ನಿಮಿಷದ ಮಾತು ಬಾಯಿಪಾಠ ಇರಲಿ, ಕೊನೆಯಲ್ಲಿ ನಿಮಗೆ ಬಿಡಿಸಲಾಗದ ಒಂದು ಪ್ರಶ್ನೆ ಬರಲಿ. ಹೋಗುವ ಮೊದಲು ನಕ್ಷೆಯ ಹಾಳೆ ತೆಗೆದು ಐದು ಹೆಸರು ಆರಿಸಿ, ಒಬ್ಬೊಬ್ಬರ ಒಂದು ಪೇಪರ್ ಓದಿಕೊಳ್ಳಿ. ಐದರಲ್ಲಿ ಇಬ್ಬರ ಜೊತೆ ಮಾತಾದರೂ ಸಾಕಷ್ಟಾಯಿತು. ಬಂದ ಐದು ದಿನದೊಳಗೆ, ಮಾತಿನ ನಡುವೆ ಕಳುಹಿಸುತ್ತೇನೆ ಎಂದದ್ದನ್ನು ಕಳುಹಿಸಿಬಿಡಿ.

ಬಳಗ ಒಡೆಯುವುದು ಬಹುಮಟ್ಟಿಗೆ ಲೇಖಕರ ಪಟ್ಟಿಯ ಮೇಲೆ. ಪದ್ಧತಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ. ಗಣಿತದಲ್ಲಿ ಅಕಾರಾದಿ ಕ್ರಮ. ಜೀವವಿಜ್ಞಾನದಲ್ಲಿ ಹೆಚ್ಚು ಕೆಲಸ ಮಾಡಿದವರು ಮೊದಲು, ಲ್ಯಾಬ್ ನಡೆಸುವವರು ಕೊನೆಗೆ. ಮಾನವಿಕ ವಿಷಯಗಳಲ್ಲಿ ಇವತ್ತಿಗೂ ಬಹಳ ಬರಹಗಳಿಗೆ ಒಬ್ಬರೇ ಲೇಖಕರು. ಇನ್ನೊಂದು ತುದಿಯಲ್ಲಿ, ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಪೇಪರಿಗೆ 5,154 ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಹೋಗಿತ್ತು. ಎರಡು ಕ್ಷೇತ್ರದ ನಡುವೆ ಕೆಲಸ ಮಾಡುವವರು ಇಲ್ಲಿಯೇ ಪೆಟ್ಟು ತಿನ್ನುವುದು: ಗಣಿತದವರು ಅಕಾರಾದಿಯಲ್ಲಿ ಹಾಕಿದ ಪಟ್ಟಿಯನ್ನು ಜೀವವಿಜ್ಞಾನದ ಆಯ್ಕೆ ಸಮಿತಿ ಕೆಲಸದ ಅಳತೆ ಎಂದು ಓದುತ್ತದೆ.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ, ನಾಲ್ಕನೆಯದು 2013ರಲ್ಲಿ ಸೇರಿದ್ದು. ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇದ್ದವರು ಲೇಖಕರು, ಉಳಿದವರ ಹೆಸರು ಕೃತಜ್ಞತೆಯಲ್ಲಿ. ಯಾರು ಏನು ಮಾಡಿದರು ಎಂದು ಹೇಳಲು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿಯೂ ಬಳಕೆಯಲ್ಲಿದೆ. ಅದನ್ನು ಪೇಪರ್ ಮುಗಿದ ಮೇಲೆ ತುಂಬುವ ಫಾರ್ಮ್ ಮಾಡಿಕೊಳ್ಳಬೇಡಿ. ಕೆಲಸ ಶುರುವಾಗುವ ವಾರವೇ ಆ 14 ಸಾಲು ಮುಂದಿಟ್ಟುಕೊಂಡು ಯಾರ ಹೆಸರು ಎಲ್ಲಿ ಎಂದು ಬರೆದು, ಎಲ್ಲರಿಗೂ ಇಮೇಲ್ ಮಾಡಿ. ಮೂರು ಸಂದರ್ಭದಲ್ಲಿ ಅದನ್ನು ತೆರೆದು ನೋಡಬೇಕು: ಹೊಸಬರು ಸೇರಿದಾಗ, ಯಾರಾದರೂ ಬಿಟ್ಟುಹೋದಾಗ, ಪೇಪರಿನ ಪ್ರಶ್ನೆಯೇ ಬದಲಾದಾಗ. ಆತ್ಮೀಯರ ನಡುವೆ ಇದೆಲ್ಲ ಬೇಕೇ ಎಂದು ಅನಿಸುತ್ತದೆ. ಆತ್ಮೀಯರ ನಡುವೆಯೇ ಇದು ಹೆಚ್ಚು ಬೇಕು, ಏಕೆಂದರೆ ಅಲ್ಲಿ ಕೇಳಲು ನಾಲಿಗೆ ಏಳುವುದಿಲ್ಲ.

ಪೇಪರ್ ರಿವ್ಯೂ ಮಾಡುವುದನ್ನು ಮೊದಲು ಗೈಡ್ ಜೊತೆ ಕಲಿಯುತ್ತೇವೆ. ಆಗ ನಿಮ್ಮ ಹೆಸರನ್ನು ಸಂಪಾದಕರಿಗೆ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಮರೆಯಲ್ಲಿ ಬರೆದುಕೊಡುವ ಕೆಲಸ ಒಪ್ಪಬೇಡಿ. ಹೆಸರು ಮುಚ್ಚಿಟ್ಟ ರಿವ್ಯೂ ಸಣ್ಣ ಬಳಗದಲ್ಲಿ ಅರ್ಧ ಮಾತ್ರ ಮುಚ್ಚಿರುತ್ತದೆ. ಉಪಕರಣ, ಊರಿನ ಹೆಸರು, ‘ನಮ್ಮ ಹಿಂದಿನ ಕೆಲಸ’ ಎಂಬ ಒಂದು ಉಲ್ಲೇಖ, ಇಷ್ಟರಿಂದ ಯಾರ ಪೇಪರ್ ಎಂದು ತಿಳಿದುಬಿಡುತ್ತದೆ. ನಿಮ್ಮ ರಿವ್ಯೂ ಕೂಡ ನಿಮ್ಮದೆಂದು ಗೊತ್ತಾಗುತ್ತದೆ ಎಂದುಕೊಂಡೇ ಬರೆಯಿರಿ. ಮುಖ ನೋಡಿ ಹೇಳಲಾಗದ ವಾಕ್ಯ ಅದರಲ್ಲಿ ಇರಬಾರದು, ಹೇಳಬೇಕಾದ ತಪ್ಪು ಬಿಟ್ಟುಹೋಗಲೂಬಾರದು.

ಬಳಗ ಬಿಗಿಯಾದಷ್ಟೂ ಭಿನ್ನಾಭಿಪ್ರಾಯ ಕಷ್ಟ. ಹಿರಿಯರ ನಡುವಿನ ಜಗಳ ವಿದ್ಯಾರ್ಥಿಗಳಿಗೆ ಆಸ್ತಿಯಂತೆ ಬಂದುಬಿಡುತ್ತದೆ; ಗೈಡ್ ಒಪ್ಪದ ಗುಂಪಿನ ಕೆಲಸವನ್ನು ಉಲ್ಲೇಖಿಸದೆ ಬಿಡುವುದು ಅದರ ಮೊದಲ ಲಕ್ಷಣ. ಉಲ್ಲೇಖಿಸಲೇಬೇಕು. ಗೈಡ್ ಮುನಿದರೆ ಒಂದು ವಾರ, ಉಲ್ಲೇಖ ಬಿಟ್ಟದ್ದು ಪ್ರಬಂಧದಲ್ಲಿ ಶಾಶ್ವತ. ಇನ್ನೊಂದು ಅಪಾಯ, ಎಲ್ಲ ಸಂಬಂಧವೂ ಒಬ್ಬರ ಮೂಲಕವೇ ಹಾದುಹೋಗುವುದು. ಗೈಡ್ ಬೇರೆ ಕಡೆಗೆ ಹೋದರೆ, ಕಾಯಿಲೆ ಬಿದ್ದರೆ, ದಬ್ಬಾಳಿಕೆ ಮಾಡತೊಡಗಿದರೆ ವಿದ್ಯಾರ್ಥಿಗೆ ನಿಲ್ಲಲು ನೆಲವಿರುವುದಿಲ್ಲ. ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲ, ಗೈಡ್‌ಗೆ ಅಧೀನರಲ್ಲದ ಇಬ್ಬರು ಹಿರಿಯರಾದರೂ ಎರಡನೇ ವರ್ಷದ ಹೊತ್ತಿಗೆ ಇರಬೇಕು. ಆರು ತಿಂಗಳಿಗೊಮ್ಮೆ ಅರ್ಧ ಗಂಟೆ ಅವರ ಜೊತೆ ಕೂತರೆ ಸಾಕು. ಕಿರುಕುಳದ ಮಾತು ಬಂದಾಗ ‘ಮನೆಯ ವಿಷಯ ಹೊರಗೆ ಬೇಡ’ ಎಂದು ಬಳಗ ಹೇಳುತ್ತದೆ. ಆ ಮಾತಿಗೆ ಕಟ್ಟುಬೀಳಬೇಡಿ. ದಿನಾಂಕ, ಸಮಯ, ಆಡಿದ ಮಾತು ಬರೆದಿಡಿ, ಪ್ರತಿಯನ್ನು ಸಂಸ್ಥೆಯ ಕಂಪ್ಯೂಟರಿನ ಆಚೆ ಇಡಿ, ಬಳಗದ ಹೊರಗಿನ ಅಧಿಕೃತ ಜಾಗಕ್ಕೇ ಕೊಡಿ.

ಆತ್ಮೀಯತೆಯ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಪರೀಕ್ಷಕರ ಆಯ್ಕೆಯಲ್ಲಿ, ಇದನ್ನು ಮೊದಲೇ ಯೋಚಿಸಿದವರು ಕಡಿಮೆ. ಹೊರಗಿನ ಪರೀಕ್ಷಕರಿಗೆ ನಿಮ್ಮ ಜೊತೆಗಾಗಲಿ ಗೈಡ್ ಜೊತೆಗಾಗಲಿ ಈಚಿನ ಸಹಲೇಖನ ಇರಬಾರದು ಎಂಬ ನಿಯಮ ಹಲವು ಕಡೆ ಇದೆ. ಯೋಜನೆಗಳ ಪರಿಶೀಲನೆಯಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕಳೆದ 48 ತಿಂಗಳೊಳಗಿನ ಸಹಲೇಖನವನ್ನು ಹಿತಾಸಕ್ತಿಯ ಸಂಘರ್ಷವೆಂದು ಎಣಿಸುತ್ತದೆ. ಅರವತ್ತು ಮಂದಿಯ ಕ್ಷೇತ್ರದಲ್ಲಿ, ಎಲ್ಲರೂ ಸೇರಿ ಒಂದು ದೊಡ್ಡ ಪೇಪರ್ ಬರೆದರೆ, ನಿಮ್ಮ ಪ್ರಬಂಧ ಓದಬಲ್ಲ ಎಲ್ಲರೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ಪ್ರಬಂಧ ಸಲ್ಲಿಸಲು ಎರಡು ವರ್ಷ ಇರುವಾಗಲೇ ಗೈಡ್ ಜೊತೆ ಕೂತು ಆರು ಹೆಸರು ಬರೆದುಕೊಳ್ಳಿ. ಅವರೊಂದಿಗೆ ಮಾತಾಡಿ, ಪ್ರಶ್ನೆ ಕೇಳಿ, ಅವರ ಪೇಪರ್ ಓದಿ. ಸಹಲೇಖನ ಮಾತ್ರ ಬೇಡ.

ಮೌಖಿಕ ಪರೀಕ್ಷೆ ಮುಗಿದ ಮೇಲೆ ಹೊರಡುವ ತಿಂಗಳಲ್ಲಿ ಒಂದು ವಾರ ಹಸ್ತಾಂತರಕ್ಕೆ ಎತ್ತಿಡಿ. ಡೇಟಾ ಫೋಲ್ಡರ್, ಪ್ರತಿ ಫೋಲ್ಡರಿಗೂ ಅರ್ಧ ಪುಟದ ವಿವರ, ಉಪಕರಣವನ್ನು ಕೊನೆಯ ಬಾರಿ ಕ್ಯಾಲಿಬ್ರೇಟ್ ಮಾಡಿದ ದಿನಾಂಕ, ಯಾವ ಆರ್ಕೈವಿನಲ್ಲಿ ಯಾವ ಪೆಟ್ಟಿಗೆ ನೋಡಿದ್ದಾಯಿತು ಎಂಬ ಪಟ್ಟಿ. ಇದೆಲ್ಲಕ್ಕಿಂತ ಬೆಲೆಯುಳ್ಳದ್ದು ‘ಆಗದೇ ಹೋದದ್ದು’ ಎಂಬ ಒಂದು ಫೈಲ್: ಯಾವ ದಾರಿ ಹಿಡಿದು ಎಷ್ಟು ವಾರ ಕಳೆದಿರಿ, ಅದು ಏಕೆ ಮುಚ್ಚಿಹೋಯಿತು. ಪ್ರಕಟವಾಗುವ ಯಾವ ಪೇಪರಿನಲ್ಲೂ ಇದು ಇರುವುದಿಲ್ಲ. ನಿಮ್ಮ ಜಾಗಕ್ಕೆ ಬರುವ ಹೊಸಬರ ಜೊತೆ ಎರಡು ತಿಂಗಳು ವಾರಕ್ಕೆ ಅರ್ಧ ಗಂಟೆ ಮಾತಾಡುವುದೆಂದು ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ. ಮೊದಲ ದಿನ ಆ ಫೈಲನ್ನೇ ತೆರೆದಿಟ್ಟು ಶುರುಮಾಡಿ.